ಸಂದು ಎಲ್ಲಿಂದ ಬಂತು? ಕತ್ತರಿಸಿ ಜೋಡಿಸುವ ಒಗಟುಗಳಲ್ಲಿ ತಪ್ಪು ಹುಡುಕುವ ಕೈಪಿಡಿ

ತುಂಡುಗಳು ಕೂಡಲಿಲ್ಲ ಅಂದ ತಕ್ಷಣ ಕತ್ತರಿ ಎತ್ತಿಕೊಳ್ಳಬೇಡಿ. ಇಲ್ಲಿ ಬೇರೆ ಏನು ಮರೆತರೂ ಇದೊಂದು ನೆನಪಿರಲಿ. ತುಂಡುಗಳ ನಡುವೆ ಸಂದು ಬಿಟ್ಟಿದ್ದರೆ ಆ ಸಂದಿಗೂ ಒಂದು ಆಕಾರ ಇರುತ್ತದೆ. ತಪ್ಪು ಎಲ್ಲಾಗಿದೆ ಅನ್ನುವುದು ಆ ಆಕಾರ ನೋಡಿದರೆ ಗೊತ್ತಾಗುತ್ತದೆ. ಅಂಚು ಸವರಿ ಹೇಗೋ ಕೂರಿಸಲು ಹೋದರೆ ಸಂದಿನ ಜೊತೆ ಸಾಕ್ಷಿಯೂ ಹೋಗುತ್ತದೆ. ಆಮೇಲೆ ಎಷ್ಟು ತಲೆ ಕೆಡಿಸಿಕೊಂಡರೂ ಪ್ರಯೋಜನವಿಲ್ಲ, ಹೊಸ ಹಾಳೆಯೇ ಗತಿ.

ಭಾನುವಾರ ಬೆಳಿಗ್ಗೆ ನಮ್ಮೂರ ಗ್ರಂಥಾಲಯದಲ್ಲಿ ಮಕ್ಕಳ ಜೊತೆ ಕೂತು ಈ ಒಗಟುಗಳನ್ನು ಮಾಡುತ್ತೇನೆ. ಒಂದು ಆಕಾರವನ್ನು ಕತ್ತರಿಸಬೇಕು, ಅದೇ ತುಂಡುಗಳಿಂದ ಇನ್ನೊಂದು ಆಕಾರ ಮಾಡಬೇಕು. ತುಂಡು ಉಳಿಯಬಾರದು, ಒಂದರ ಮೇಲೆ ಒಂದು ಏರಬಾರದು, ನಡುವೆ ಸಂದು ಬಿಡಬಾರದು. ಬೇಕಾಗುವ ಸಾಮಾನು ರಟ್ಟು, ಗ್ರಾಫ್ ಹಾಳೆ, ಸ್ಕೇಲು, ಕೈವಾರ, ಮೂಲೆಮಟ್ಟ, ಕಟರ್. ಮಕ್ಕಳು ಮಾಡುವ ತಪ್ಪುಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ನಾನೂ ಕಲಿಯುವಾಗ ಇವನ್ನೇ ಮಾಡಿದ್ದೆ. ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲು ಕೈ ಮತ್ತು ಸಾಮಾನು ಸರಿ ಇದೆಯಾ ನೋಡಿ

ತಪ್ಪು ಲೆಕ್ಕದ್ದೋ ಕೈಯದೋ ಅನ್ನುವುದನ್ನು ಮೊದಲು ಬಿಡಿಸಿಕೊಳ್ಳಬೇಕು. ಅದಕ್ಕೆ ಉತ್ತರ ಖಚಿತವಾಗಿ ಗೊತ್ತಿರುವ ಒಂದು ಆಕಾರವನ್ನು ಅದೇ ರಟ್ಟಿನಲ್ಲಿ, ಅದೇ ಕಟರ್‌ನಿಂದ ಕತ್ತರಿಸಿ ನೋಡುವುದು ಒಳ್ಳೆಯದು. ನಾನು ಇದಕ್ಕೆ ಬಳಸುವುದು 12ನೇ ಶತಮಾನದ ಭಾಸ್ಕರಾಚಾರ್ಯರ ಹೆಸರಿನಲ್ಲಿ ನಾವೆಲ್ಲ ಕಲಿಯುವ ಚಿತ್ರವನ್ನು. 10 ಸೆಂ.ಮೀ. ಬದಿಯ ಚೌಕದೊಳಗೆ ನಾಲ್ಕು ಲಂಬಕೋನ ತ್ರಿಭುಜಗಳು, ನಡುವೆ ಒಂದು ಪುಟ್ಟ ಚೌಕ. ತ್ರಿಭುಜದ ಬದಿಗಳು 6, 8, 10 ಸೆಂ.ಮೀ. ನಡುವಿನ ಚೌಕ 2 ಸೆಂ.ಮೀ. ಒಂದೊಂದು ತ್ರಿಭುಜ 24 ಚದರ ಸೆಂ.ಮೀ., ನಾಲ್ಕು ಸೇರಿ 96, ಪುಟ್ಟ ಚೌಕದ 4 ಸೇರಿದರೆ 100.

ಈಗ ಎರಡೆರಡು ತ್ರಿಭುಜ ಜೋಡಿಸಿ 6 × 8ರ ಎರಡು ಆಯತ ಮಾಡಿ. ಒಂದನ್ನು ನಿಲ್ಲಿಸಿ, ಅದರ ಬಲಕ್ಕೆ ಇನ್ನೊಂದನ್ನು ಮಲಗಿಸಿ. ನಿಂತ ಆಯತ 8 ಎತ್ತರ, ಮಲಗಿದ್ದು 6 ಎತ್ತರ. ಇವೆರಡರ ಮೂಲೆಯಲ್ಲಿ ಪುಟ್ಟ ಚೌಕ ಇಡಿ. ಬಂದ ಆಕಾರವನ್ನು ಎಡದಿಂದ 8 ಸೆಂ.ಮೀ.ಗೆ ಒಂದು ಗೆರೆ ಎಳೆದು ನೋಡಿದರೆ 8 × 8ರ ಒಂದು ಚೌಕ, ಪಕ್ಕದಲ್ಲಿ 6 × 6ರ ಇನ್ನೊಂದು ಚೌಕ. ಲೆಕ್ಕದಲ್ಲಿ ಇಲ್ಲಿ ಕೂದಲಷ್ಟೂ ವ್ಯತ್ಯಾಸವಿಲ್ಲ. ಆದ್ದರಿಂದ ಇಲ್ಲಿಯೂ ಸಂದು ಕಂಡರೆ ತಪ್ಪು ಕೈಯದೇ, ಇಲ್ಲವೇ ಸ್ಕೇಲಿನದು, ರಟ್ಟಿನದು.

ಕೈಯ ತಪ್ಪುಗಳಲ್ಲಿ ಮುಖ್ಯವಾದದ್ದು ಗೆರೆಯ ಯಾವ ಕಡೆ ಕತ್ತರಿಸಿದಿರಿ ಅನ್ನುವುದು. ಮೊಂಡು ಪೆನ್ಸಿಲ್ಲಿನ ಗೆರೆ ಅರ್ಧ ಮಿ.ಮೀ. ದಪ್ಪ ಇರುತ್ತದೆ. ಪ್ರತಿ ಅಂಚಿನಲ್ಲಿ ಅರ್ಧ ಮಿ.ಮೀ. ಹೋದರೆ ನಾಲ್ಕು ತುಂಡು ಸಾಲಾಗಿ ಇಟ್ಟಾಗ 4 ಮಿ.ಮೀ. ಕಮ್ಮಿ ಬರುತ್ತದೆ. ಹಾಗಾಗಿ ಪ್ರತಿ ತುಂಡನ್ನು ಬೇರೆ ಬೇರೆಯಾಗಿ ಬರೆದು ಕತ್ತರಿಸಬೇಡಿ. ಪೂರ್ತಿ ಆಕಾರ ಒಂದೇ ಹಾಳೆಯಲ್ಲಿ ಬರೆದು, ಒಂದೇ ಗೀಟಿನಲ್ಲಿ ಎರಡು ತುಂಡು ಬೇರೆಯಾಗುವಂತೆ ಕಟರ್ ಎಳೆಯಿರಿ. ಕತ್ತರಿಗಿಂತ ಕಟರ್ ವಾಸಿ, ಏಕೆಂದರೆ ಕತ್ತರಿಯಲ್ಲಿ ರಟ್ಟಿನ ಅಂಚು ಬಾಗುತ್ತದೆ. ಮಳೆಗಾಲದಲ್ಲಿ ತಿಂಗಳ ಹಿಂದೆ ಕತ್ತರಿಸಿಟ್ಟ ತುಂಡನ್ನು ಇವತ್ತಿನ ತುಂಡಿನ ಜೊತೆ ಸೇರಿಸಲೂಬೇಡಿ. ರಟ್ಟು ತೇವ ಹೀರಿ ಉಬ್ಬಿರುತ್ತದೆ.

ತುಂಡುಗಳೆಲ್ಲ ಕೂಡುತ್ತವೆ, ಆದರೆ ಚೌಕಟ್ಟಿನಲ್ಲಿ ಅಲ್ಲಾಡುತ್ತವೆ

ಒಂದು ಭಾನುವಾರ ಏಳನೇ ಕ್ಲಾಸಿನ ಹುಡುಗನೊಬ್ಬ ಬಂದ. "ಅಕ್ಕಾ, ಎಲ್ಲಾ ಸರಿಯಾಗೇ ಕತ್ತರಿಸಿದೀನಿ. ಆದ್ರೂ ಒಳಗೆ ಅಲ್ಲಾಡ್ತಾ ಇದೆ ನೋಡಿ" ಅಂದ. ಅವನು ಮಾಡುತ್ತಿದ್ದದ್ದು ಕೂಡು ಚಿಹ್ನೆಯ ಆಕಾರವನ್ನು ಚೌಕ ಮಾಡುವ ಹಳೆಯ ಒಗಟು. 4 ಸೆಂ.ಮೀ. ಬದಿಯ ಐದು ಚೌಕ ಸೇರಿದ ಕೂಡು ಚಿಹ್ನೆ. ನಾಲ್ಕು ತುಂಡೂ ಚೆನ್ನಾಗಿ ಬಂದಿದ್ದವು. ಒಂದರ ಮೇಲೊಂದು ಇಟ್ಟರೆ ಅಂಚಿಗೆ ಅಂಚು ಕೂರುತ್ತಿತ್ತು. ತಪ್ಪು ಇದ್ದದ್ದು ಚೌಕಟ್ಟಿನಲ್ಲಿ. ಅವನು 9 ಸೆಂ.ಮೀ. ಬದಿಯ ಚೌಕಟ್ಟು ಬರೆದಿದ್ದ.

ಲೆಕ್ಕ ಮಾಡಿ ನೋಡಿ. ಒಂದು ಚೌಕ 16 ಚದರ ಸೆಂ.ಮೀ., ಐದಕ್ಕೆ 80. ಚೌಕಟ್ಟು 9 × 9 ಅಂದರೆ 81. ಹೆಚ್ಚಿನ ಒಂದು ಚದರ ಸೆಂ.ಮೀ. ಎಲ್ಲಿಗೂ ಹೋಗುವುದಿಲ್ಲ, ಸುತ್ತ ಹರಡಿಕೊಂಡು ತುಂಡುಗಳನ್ನು ಸಡಿಲ ಮಾಡುತ್ತದೆ. ಆದ್ದರಿಂದ ಯಾವ ಒಗಟಿನಲ್ಲೇ ಆಗಲಿ, ಮೊದಲ ತಪಾಸಣೆ ವಿಸ್ತೀರ್ಣದ್ದು. ಕತ್ತರಿಸುವ ಮುಂಚೆ ಒಂದು ಸಲ, ಕೂಡದಿದ್ದಾಗ ಇನ್ನೊಂದು ಸಲ. ಎರಡೂ ಆಕಾರದ ವಿಸ್ತೀರ್ಣ ಒಂದೇ ಆಗಿರದಿದ್ದರೆ ಮುಂದೆ ಏನು ನೋಡಿಯೂ ಉಪಯೋಗವಿಲ್ಲ.

80ರ ವರ್ಗಮೂಲ 8.94 ಚಿಲ್ಲರೆ. ಇದನ್ನು ಸ್ಕೇಲಿನಲ್ಲಿ ಹುಡುಕಲು ಹೋದರೆ ಮತ್ತೆ ಅಳತೆ ತಪ್ಪುತ್ತದೆ. ಅದರ ಬದಲು 4 × 8ರ ಒಂದು ಆಯತ ಬರೆದು ಅದರ ಕರ್ಣವನ್ನು ಕೈವಾರದಲ್ಲಿ ಹಿಡಿಯಿರಿ. 16 ಮತ್ತು 64 ಸೇರಿ 80, ಅಲ್ವಾ? ಕರ್ಣ ತಾನಾಗಿಯೇ ಬೇಕಾದ ಉದ್ದಕ್ಕೆ ಬರುತ್ತದೆ. ಆಯತದ ಎರಡು ಬದಿಗಳ ಚೌಕಗಳು ಸೇರಿ ಎಷ್ಟಾಗುತ್ತವೋ, ಕರ್ಣದ ಮೇಲಿನ ಚೌಕ ಒಂದೇ ಅಷ್ಟಾಗುತ್ತದೆ ಅಂತ ಬೌಧಾಯನರ ಶುಲ್ಬಸೂತ್ರದಲ್ಲಿಯೇ ಇದೆ. ಯಜ್ಞವೇದಿ ಕಟ್ಟುವವರು ಹಗ್ಗ ಎಳೆದು ಎರಡು ಚೌಕಗಳನ್ನು ಒಂದು ಮಾಡುತ್ತಿದ್ದದ್ದೂ ಇದೇ ಲೆಕ್ಕದಿಂದ. ಹಗ್ಗದ ಜಾಗದಲ್ಲಿ ನಮಗೆ ಕೈವಾರ.

ಇದೇ ಒಗಟಿನಲ್ಲಿ ತುಂಡುಗಳೇ ತಪ್ಪಾಗಿದ್ದರೆ ಗೀಟು ಎಲ್ಲಿ ಶುರುವಾಗಿದೆ ಅಂತ ನೋಡಬೇಕು. ಬಲಗೈಯ ಮೇಲಂಚಿನ ನಡುವಿನಿಂದ ಎಡಗೈಯ ಕೆಳಂಚಿನ ನಡುವಿಗೆ ಒಂದು ಗೆರೆ. ಮೇಲಿನ ಕೈಯ ಎಡ ಅಂಚಿನ ನಡುವಿನಿಂದ ಕೆಳಗಿನ ಕೈಯ ಬಲ ಅಂಚಿನ ನಡುವಿಗೆ ಇನ್ನೊಂದು. ಎರಡೂ ಸರಿಯಾಗಿ ನಟ್ಟನಡುವೆ ಲಂಬವಾಗಿ ದಾಟಬೇಕು. ಮಕ್ಕಳು ಸಾಮಾನ್ಯವಾಗಿ ಮೂಲೆಯಿಂದ ಮೂಲೆಗೆ ಎಳೆಯುತ್ತಾರೆ, ಏಕೆಂದರೆ ಮೂಲೆ ಕಣ್ಣಿಗೆ ಬೇಗ ಬೀಳುತ್ತದೆ. ಪರೀಕ್ಷೆ ಸುಲಭ. ಕತ್ತರಿಸಿದ ಗೆರೆಯ ಉದ್ದವೂ 8.94 ಇರಬೇಕು, ಅಂದರೆ ಬರಬೇಕಾದ ಚೌಕದ ಬದಿಯಷ್ಟೇ. ಕೈವಾರ ತೆಗೆಯದೆ ಹಾಗೇ ಇಟ್ಟು ನೋಡಬಹುದು.

ತುಂಡು ಸರಿ ಇದ್ದೂ ಜೋಡಣೆ ಬರದಿದ್ದರೆ ಒಂದು ಸುಳಿವು. ಇಲ್ಲಿ ಯಾವ ತುಂಡನ್ನೂ ತಿರುಗಿಸಬೇಕಿಲ್ಲ, ಸುಮ್ನೆ ಜರುಗಿಸಿದರೆ ಸಾಕು. ಮೇಲಿನದು ಕೆಳಗೆ, ಕೆಳಗಿನದು ಮೇಲೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ನಡುವೆ ಇದ್ದ ನಾಲ್ಕು ಲಂಬಕೋನಗಳು ಹೊಸ ಚೌಕದ ನಾಲ್ಕು ಹೊರ ಮೂಲೆಗಳಾಗುತ್ತವೆ.

ಸಂದಿನ ಆಕಾರ ಓದುವುದು

ವಿಸ್ತೀರ್ಣ ಸರಿ ಇದೆ, ಕೈಯೂ ಸರಿ ಇದೆ, ಆದರೂ ಸಂದು ಇದೆ. ಈಗ ಆ ಸಂದನ್ನೇ ನೋಡಿ. ಕಪ್ಪು ಹಾಳೆಯ ಮೇಲೆ ಬಿಳಿ ತುಂಡುಗಳನ್ನು ಇಟ್ಟರೆ ಚೆನ್ನಾಗಿ ಕಾಣುತ್ತದೆ.

ಸಂದು ಉದ್ದಕ್ಕೂ ಒಂದೇ ಅಗಲ ಇದ್ದರೆ ಉದ್ದದ ತಪ್ಪು. ಯಾವುದೋ ಒಂದು ತುಂಡು ಗಿಡ್ಡ ಆಗಿದೆ, ಎಷ್ಟು ಗಿಡ್ಡ ಅನ್ನುವುದು ಸಂದಿನ ಅಗಲದಷ್ಟೇ. ಒಂದು ತುದಿಯಲ್ಲಿ ಮುಚ್ಚಿಕೊಂಡು ಇನ್ನೊಂದು ತುದಿಯಲ್ಲಿ ಬಾಯಿ ತೆರೆದಿದ್ದರೆ ಕೋನದ ತಪ್ಪು. ಕೋನಮಾಪಕದಲ್ಲಿ ಒಂದೇ ಒಂದು ಡಿಗ್ರಿ ಆಚೀಚೆ ಆದರೂ 10 ಸೆಂ.ಮೀ. ದೂರದಲ್ಲಿ 1.7 ಮಿ.ಮೀ. ಬಾಯಿ ಬಿಡುತ್ತದೆ. ಆದ್ದರಿಂದ ಕೋನವನ್ನು ಡಿಗ್ರಿಯಲ್ಲಿ ಅಳೆಯುವ ಬದಲು ಎರಡು ಬಿಂದು ಗುರುತಿಸಿ ಸೇರಿಸುವುದು ಯಾವಾಗಲೂ ಒಳ್ಳೆಯದು. ಲಂಬಕೋನಕ್ಕೆ ಮೂಲೆಮಟ್ಟ.

ಮೂರನೆಯ ಬಗೆಯ ಸಂದು ಇದೆ. ಎರಡೂ ತುದಿ ಮುಚ್ಚಿರುತ್ತದೆ, ನಡುವೆ ಮಾತ್ರ ತೆಳ್ಳಗೆ ಬಿಟ್ಟಿರುತ್ತದೆ. ಇದು ಬಂದರೆ ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ. ಇಲ್ಲಿ ತಪ್ಪಿರುವುದು ಒಗಟಿನಲ್ಲೇ.

64 ಇದ್ದದ್ದು 65 ಆಯಿತು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೊಬೈಲಿನಲ್ಲಿ ಈ ಒಗಟು ಮತ್ತೆ ಮತ್ತೆ ಬರುತ್ತದೆ, ಮಕ್ಕಳು ನಿಜ ಅಂತಲೇ ನಂಬುತ್ತಾರೆ.

8 × 8ರ ಚೌಕವನ್ನು 3 × 8 ಮತ್ತು 5 × 8ರ ಎರಡು ಪಟ್ಟಿಯಾಗಿ ಕತ್ತರಿಸಿ. ಮೊದಲ ಪಟ್ಟಿಯನ್ನು ಕರ್ಣದಲ್ಲಿ ಸೀಳಿದರೆ ಎರಡು ತ್ರಿಭುಜ. ಎರಡನೆಯದನ್ನು ಓರೆಯಾಗಿ ಸೀಳಿ, ಒಂದು ಕಡೆ 3, ಇನ್ನೊಂದು ಕಡೆ 5 ಬರುವ ಎರಡು ತ್ರಾಪಿಜ್ಯ ಮಾಡಿ. ಈ ನಾಲ್ಕೂ ತುಂಡು 5 × 13ರ ಆಯತದಲ್ಲಿ ಕೂರುತ್ತವೆ. 8 × 8 ಅಂದರೆ 64. 5 × 13 ಅಂದರೆ 65. ಒಂದು ಚೌಕ ಎಲ್ಲಿಂದ ಬಂತು?

ತ್ರಿಭುಜದ ಓರೆ ನೋಡಿ. 8 ಹೆಜ್ಜೆ ಮುಂದೆ ಹೋದರೆ 3 ಮೇಲೆ. ಅಂದರೆ 0.375. ತ್ರಾಪಿಜ್ಯದ ಓರೆ 5 ಹೆಜ್ಜೆಗೆ 2, ಅಂದರೆ 0.4. ಎರಡೂ ಒಂದೇ ನೇರಕ್ಕೆ ಬರುವುದಿಲ್ಲ. ಆಯತದ ಕರ್ಣದ ಉದ್ದಕ್ಕೂ ಒಂದು ಸಣ್ಣ ಸೀಳು ಉಳಿಯುತ್ತದೆ. ಅದು ಒಂದು ಸಮಾಂತರ ಚತುರ್ಭುಜ, ಅದರ ವಿಸ್ತೀರ್ಣ ಸರಿಯಾಗಿ 1. ಒಂದು ಸೆಂ.ಮೀ. ಮನೆಗಳ ಹಾಳೆಯಲ್ಲಿ ಮಾಡಿದರೆ ಆ ಸೀಳಿನ ಉದ್ದ 13.9 ಸೆಂ.ಮೀ., ಅತಿ ಅಗಲವಾದ ಕಡೆ 1.2 ಮಿ.ಮೀ. ಕತ್ತರಿಯಲ್ಲಿ ಒರಟಾಗಿ ಕತ್ತರಿಸಿದ ಅಂಚಿನ ನಡುವೆ ಅಷ್ಟು ಸಣ್ಣ ಸೀಳು ಯಾರಿಗೆ ಕಾಣುತ್ತದೆ?

ಕಾಣಿಸಬೇಕು ಅಂದರೆ 2 ಸೆಂ.ಮೀ. ಮನೆಗಳಲ್ಲಿ ಮಾಡಿ. ಸೀಳು 2.3 ಮಿ.ಮೀ. ಆಗುತ್ತದೆ. ಕಿಟಕಿಯ ಬೆಳಕಿಗೆ ಹಿಡಿದರೆ ಬೆಳ್ಳಿ ಗೆರೆ ಹಾಗೆ ಕಾಣುತ್ತದೆ. ಇದನ್ನು ಮೊದಲ ಸಲ ನೋಡಿದ ಹುಡುಗಿಯೊಬ್ಬಳು ಆ ಸೀಳಿನೊಳಗೆ ಉಗುರಿನ ತುದಿ ಓಡಿಸಿ, "ಒಂದು ಚೌಕ ಪೂರ್ತಿ ಇಲ್ಲೇ ಮಲಗಿದೆ ಅಕ್ಕಾ" ಅಂದಳು. ನಾನು ಇದಕ್ಕಿಂತ ಚೆನ್ನಾಗಿ ವಿವರಿಸಲಾರೆ.

5, 8, 13 ಬಂದ ಸಾಲು ನಿಮಗೆ ಗೊತ್ತಿರಬಹುದು: 1, 2, 3, 5, 8, 13, 21. ಹಿಂದಿನ ಎರಡು ಕೂಡಿದರೆ ಮುಂದಿನದು. ಫಿಬೊನಾಚಿಯ ಹೆಸರಿನಲ್ಲಿ ಕರೆದರೂ, ಅವನಿಗಿಂತ ಮುಂಚೆಯೇ ಲಘು ಗುರುಗಳನ್ನು ಎಣಿಸುತ್ತಿದ್ದ ನಮ್ಮ ಛಂದಸ್ಸಿನ ಪಂಡಿತರಿಗೆ ಈ ಸಾಲು ತಿಳಿದಿತ್ತು. ನಡುವಿನ ಸಂಖ್ಯೆಯ ವರ್ಗಕ್ಕೂ ಅಕ್ಕಪಕ್ಕದ ಎರಡರ ಗುಣಲಬ್ಧಕ್ಕೂ ಯಾವಾಗಲೂ ಒಂದೇ ಒಂದರ ವ್ಯತ್ಯಾಸ. ಒಮ್ಮೆ ಹೆಚ್ಚು, ಒಮ್ಮೆ ಕಮ್ಮಿ. 13 × 13ರ ಚೌಕ ತಗೊಂಡರೆ 169, ಅದರ ಆಯತ 8 × 21 ಅಂದರೆ 168. ಇಲ್ಲಿ ಸಂದು ಬರುವುದಿಲ್ಲ, ತುಂಡುಗಳು ಒಂದರ ಮೇಲೊಂದು ಸ್ವಲ್ಪ ಏರುತ್ತವೆ. ಮಕ್ಕಳು ಅದನ್ನು ಗಮನಿಸದೆ ಒತ್ತಿ ಕೂರಿಸಿಬಿಡುತ್ತಾರೆ. ಬೆರಳಿನಿಂದ ಸವರಿ ನೋಡಿ, ಏರಿದ ಅಂಚು ಕೈಗೆ ಸಿಗುತ್ತದೆ.

1953ರಲ್ಲಿ ನ್ಯೂಯಾರ್ಕಿನ ಹವ್ಯಾಸಿ ಜಾದೂಗಾರ ಪಾಲ್ ಕರಿ ಇದೇ ಬಗೆಯ ತ್ರಿಭುಜವೊಂದನ್ನು ಮಾಡಿದರು. ತಳ 13, ಎತ್ತರ 5. ನಾಲ್ಕು ತುಂಡನ್ನು ಜಾಗ ಬದಲಿಸಿದರೆ ನಡುವೆ ಒಂದು ಮನೆ ಖಾಲಿ. ಅಲ್ಲಿಯೂ ಅದೇ 0.375 ಮತ್ತು 0.4ರ ಕಥೆ. ತುಂಡುಗಳ ಮೊತ್ತ 32. ನಿಜವಾದ ತ್ರಿಭುಜಕ್ಕೆ 32.5 ಬೇಕು. ಅಂದರೆ ಅದು ತ್ರಿಭುಜವೇ ಅಲ್ಲ. ಓರೆ ಬದಿ ಒಮ್ಮೆ ಒಳಗೆ ಬಾಗಿದೆ, ಇನ್ನೊಮ್ಮೆ ಹೊರಗೆ. ಓರೆ ಬದಿಗೆ ಸ್ಕೇಲು ಒತ್ತಿ ಹಿಡಿದರೆ ಸಾಕು, ತಪ್ಪು ಸಿಕ್ಕಿತು.

ತ್ರಿಭುಜದಿಂದ ಬಂದದ್ದು ಚೌಕದಂತಿದೆ, ಚೌಕವಲ್ಲ

ಈ ಒಗಟುಗಳಲ್ಲೆಲ್ಲ ನನಗೆ ತುಂಬಾ ಇಷ್ಟವಾದದ್ದು ಇದು. ಸಮಬಾಹು ತ್ರಿಭುಜವನ್ನು ನಾಲ್ಕೇ ತುಂಡು ಮಾಡಿ ಚೌಕ ಮಾಡುವುದು. ಇಂಗ್ಲೆಂಡಿನ ಹೆನ್ರಿ ಡ್ಯೂಡನಿ 1902ರಲ್ಲಿ ಪತ್ರಿಕೆಯಲ್ಲಿ ಕೊಟ್ಟ ಒಗಟು. ಗುಂಡಿ, ದಾರ, ಪಟ್ಟಿ ಮಾರುವ ವ್ಯಾಪಾರಿಯ ಒಗಟು ಅಂತ ಹೆಸರು. ಡ್ಯೂಡನಿ ಇದನ್ನು ಮರದಲ್ಲಿ ಮಾಡಿಸಿ, ತುಂಡುಗಳಿಗೆ ಹಿತ್ತಾಳೆಯ ಕೀಲು ಹಾಕಿಸಿ, 1905ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ತೋರಿಸಿದ್ದರು. ಒಂದು ಕಡೆ ಮಡಿಸಿದರೆ ತ್ರಿಭುಜ, ಇನ್ನೊಂದು ಕಡೆ ಮಡಿಸಿದರೆ ಚೌಕ.

20 ಸೆಂ.ಮೀ. ಬದಿಯ ತ್ರಿಭುಜ ತಗೊಳ್ಳಿ. ತಳದ ಎಡ ಮೂಲೆ ಅ, ಬಲ ಮೂಲೆ ಇ, ಮೇಲಿನ ತುದಿ ಉ. ಎಡ ಬದಿಯ ನಡುವೆ ಚ, ಬಲ ಬದಿಯ ನಡುವೆ ಟ. ತಳದ ಮೇಲೆ ಎರಡು ಬಿಂದು ಬೇಕು, ಎಡಕ್ಕೆ ತ, ಬಲಕ್ಕೆ ಪ. ಅವುಗಳ ನಡುವಿನ ದೂರ 10. ಟ ಮತ್ತು ತ ಸೇರಿಸಿ ಓರೆ ಗೆರೆ ಎಳೆಯಿರಿ. ಚ ಇಂದ ಒಂದು, ಪ ಇಂದ ಒಂದು ಲಂಬ ಆ ಓರೆ ಗೆರೆಗೆ. ಮೂರು ಗೀಟು, ನಾಲ್ಕು ತುಂಡು. ಮೂರಕ್ಕೆ ನಾಲ್ಕು ಬದಿ, ಒಂದು ಮಾತ್ರ ತ್ರಿಭುಜ.

ಎಲ್ಲರೂ ಎಡವುವುದು ತ ಎಲ್ಲಿರಬೇಕು ಅನ್ನುವುದರಲ್ಲಿ. ಚಿತ್ರ ನೋಡಿದರೆ ತಳ 5, 10, 5 ಅಂತ ಸಮನಾಗಿ ಹಂಚಿದ ಹಾಗೆ ಕಾಣುತ್ತದೆ. ಹಾಗೇ ಕತ್ತರಿಸುತ್ತಾರೆ. ತುಂಡುಗಳು ಚೆನ್ನಾಗಿ ಕೂಡುತ್ತವೆ. ಸಂದೂ ಇಲ್ಲ, ಏರಿಕೆಯೂ ಇಲ್ಲ. ಆದ್ದರಿಂದ ತಪ್ಪು ಗೊತ್ತೇ ಆಗುವುದಿಲ್ಲ. ನಾನೂ ಎರಡು ವರ್ಷ ಹಾಗೇ ಮಾಡಿಸಿದ್ದೆ. ಒಂದು ದಿನ ಒಬ್ಬ ಹುಡುಗಿ ಬಂದ ಚೌಕವನ್ನು ಸ್ಕೇಲಿನಲ್ಲಿ ಅಳೆದು, ಒಂದು ಬದಿ 13.2, ಇನ್ನೊಂದು 13.1 ಅಂತ ಬರೆದುಕೊಂಡು ಬಂದಳು. ಕೈ ತಪ್ಪಿರಬೇಕು ಅಂದುಕೊಂಡು ಹೊಸ ರಟ್ಟಿನಲ್ಲಿ ಮತ್ತೆ ಮಾಡಿಸಿದೆ. ಅಷ್ಟೇ ಬಂತು. ಆಗ ಕೂತು ಲೆಕ್ಕ ಹಾಕಿದೆ.

ತ್ರಿಭುಜದ ವಿಸ್ತೀರ್ಣ 173.2 ಚದರ ಸೆಂ.ಮೀ. ಚೌಕದ ಬದಿ 13.16 ಇರಬೇಕು. ಟ ಇಂದ ತ ವರೆಗಿನ ಓರೆ ಗೆರೆ ಸರಿಯಾಗಿ ಇಷ್ಟೇ ಉದ್ದ ಇದ್ದರೆ ಮಾತ್ರ ಚೌಕ ಬರುತ್ತದೆ. ತಳವನ್ನು 5, 10, 5 ಮಾಡಿದರೆ ಓರೆ ಗೆರೆ 13.23 ಆಗುತ್ತದೆ, ಆಗ ಇನ್ನೊಂದು ಬದಿ 13.09ಕ್ಕೆ ಇಳಿಯುತ್ತದೆ. ಬಂದದ್ದು ಆಯತ. ಸರಿಯಾದ ಹಂಚಿಕೆ 5.09, 10, 4.91. ಒಂದು ಮಿ.ಮೀ.ಗೂ ಕಮ್ಮಿ ಜರುಗಿಸಿದ್ದಕ್ಕೆ ಆಯತ ಹೋಗಿ ಚೌಕ ಬರುತ್ತದೆ. ಆ ಹುಡುಗಿಯ ಸ್ಕೇಲು ನನಗಿಂತ ಸರಿಯಾಗಿತ್ತು.

ಅದಕ್ಕೇ ತ ಬಿಂದುವನ್ನು ತಳದ ಮೇಲೆ ಅಳೆದು ಗುರುತಿಸಬೇಡಿ. ಕೈವಾರದಿಂದ ಪಡೆಯಿರಿ. ಒಂದು ನೇರ ಗೆರೆಯ ಮೇಲೆ 10 ಸೆಂ.ಮೀ. ಮತ್ತು ತ್ರಿಭುಜದ ಎತ್ತರ 17.32 ಸೆಂ.ಮೀ. ಪಕ್ಕಪಕ್ಕ ಗುರುತಿಸಿ. ಪೂರ್ತಿ ಗೆರೆಯನ್ನು ವ್ಯಾಸ ಮಾಡಿಕೊಂಡು ಅರ್ಧ ವೃತ್ತ ಎಳೆಯಿರಿ. ಎರಡು ಉದ್ದ ಸೇರುವ ಜಾಗದಿಂದ ಮೇಲೆ ಲಂಬ ಎಬ್ಬಿಸಿ. ವೃತ್ತ ಮುಟ್ಟುವವರೆಗಿನ ಉದ್ದವೇ 13.16. ಅಷ್ಟು ಕೈವಾರ ಅಗಲಿಸಿ, ಟ ಮೇಲೆ ಮುಳ್ಳಿಟ್ಟು ತಳವನ್ನು ಕತ್ತರಿಸಿ. ಅದೇ ತ.

ರಟ್ಟಿಗೆ ಕಟರ್ ಹಾಕುವ ಮುಂಚೆ ಒಂದು ಕೊನೆಯ ತಪಾಸಣೆ. ಎರಡು ಲಂಬಗಳನ್ನೂ ಅಳೆಯಿರಿ. ಒಂದೊಂದೂ 6.58 ಇರಬೇಕು, ಎರಡೂ ಕೂಡಿದರೆ ಓರೆ ಗೆರೆಯಷ್ಟೇ ಆಗಬೇಕು. ಎರಡು ಲಂಬ ಸಮ ಇದ್ದು, ಕೂಡಿದಾಗ ಓರೆ ಗೆರೆಗಿಂತ ಕಮ್ಮಿ ಬಂದರೆ ತ ಎಡಕ್ಕೆ ಜಾರಿದೆ. ಜಾಸ್ತಿ ಬಂದರೆ ಬಲಕ್ಕೆ ಜಾರಿದೆ. ಎರಡು ಲಂಬಗಳೇ ಸಮ ಇಲ್ಲದಿದ್ದರೆ ಮೂಲೆಮಟ್ಟ ಸರಿಯಾಗಿ ಕೂತಿಲ್ಲ, ಇಲ್ಲವೇ ಪ ಜಾಗ ತಪ್ಪಿದೆ.

ಜೋಡಿಸುವಾಗ ದಾರಿ ತಪ್ಪಿದರೆ ಚ, ಟ, ಪ ಈ ಮೂರು ಬಿಂದುಗಳಲ್ಲಿ ಸಣ್ಣ ಟೇಪು ಅಂಟಿಸಿ ಕೀಲು ಮಾಡಿ. ನಾಲ್ಕು ತುಂಡು ಸರಪಳಿಯಾಗುತ್ತದೆ. ಸುತ್ತಿಸಿದರೆ ತಾನಾಗಿಯೇ ಚೌಕಕ್ಕೆ ಬಂದು ನಿಲ್ಲುತ್ತದೆ.

ಮೆಟ್ಟಿಲು ಕತ್ತರಿಸಿದರೂ ಚೌಕ ಬರಲಿಲ್ಲ

16 × 9ರ ಆಯತವನ್ನು ಎರಡೇ ತುಂಡು ಮಾಡಿ 12 × 12ರ ಚೌಕ ಮಾಡಬಹುದು. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಒಂದು ಮೆಟ್ಟಿಲು ಜರುಗಿಸುವುದು. ಮೆಟ್ಟಿಲಿನ ಅಗಲ 4, ಎತ್ತರ 3. ಇದನ್ನು ತಿರುವುಮುರುವು ಮಾಡಿದರೆ ಮೆಟ್ಟಿಲು ಅಂಚಿಗೆ ಸರಿಯಾಗಿ ಮುಗಿಯುವುದಿಲ್ಲ. ಕತ್ತರಿಸುವ ಮುಂಚೆಯೇ ಪೆನ್ಸಿಲ್ಲಿನಲ್ಲಿ ಗೊತ್ತಾಗುತ್ತದೆ.

ಇದಕ್ಕಿಂತ ಸಾಮಾನ್ಯವಾದ ತಪ್ಪು, ಎಲ್ಲ ಆಯತಕ್ಕೂ ಮೆಟ್ಟಿಲು ಹಾಕಲು ಹೋಗುವುದು. ಬದಿಗಳ ಅನುಪಾತ 4 : 1, 9 : 4, 16 : 9, 25 : 16 ಹೀಗೆ ಅಕ್ಕಪಕ್ಕದ ಸಂಖ್ಯೆಗಳ ವರ್ಗವಾಗಿದ್ದರೆ ಮಾತ್ರ ಮೆಟ್ಟಿಲು ನಡೆಯುತ್ತದೆ. 18 × 8 ಆಗುತ್ತದೆ. 12 × 8 ಆಗುವುದಿಲ್ಲ.

12 × 8ಕ್ಕೆ ಮೂರು ತುಂಡು ಬೇಕು. ಚೌಕದ ಬದಿ 9.8. ಮೊದಲು 12ರಿಂದ 9.8 ಕಳೆದರೆ 2.2. ಆಮೇಲೆ 9.8ರಿಂದ 8 ಕಳೆದರೆ 1.8. ಈ ಎರಡು ಅಳತೆ ಸಾಕು. ಮೇಲಂಚಿನಲ್ಲಿ ಎಡದಿಂದ 2.2ಕ್ಕೆ ಗುರುತು ಹಾಕಿ, ಅಲ್ಲಿಂದ ಕೆಳಗಿನ ಬಲ ಮೂಲೆಗೆ ಓರೆ ಸೀಳು. ಕೆಳಗಿನ ಬಲ ಮೂಲೆಯಲ್ಲಿ 2.2 ಅಗಲ, 1.8 ಎತ್ತರದ ಪುಟ್ಟ ತ್ರಿಭುಜ ಬೇರೆ ಮಾಡಿ. ದೊಡ್ಡ ತ್ರಿಭುಜವನ್ನು ಓರೆಯ ಮೇಲೆ ಎಡಕ್ಕೆ ಮೇಲಕ್ಕೆ ಜಾರಿಸಿ, ಪುಟ್ಟದ್ದನ್ನು ಮೇಲಿನ ಎಡ ಮೂಲೆಗೆ ತುಂಬಿ. ಉದ್ದ ಅಗಲದ ನಾಲ್ಕು ಪಟ್ಟಿಗಿಂತ ಜಾಸ್ತಿ ಇದ್ದರೆ ಮಾತ್ರ ಇದು ಕೈಕೊಡುತ್ತದೆ. ಆಗ ಮೊದಲು ನಡುವೆ ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ಗಿಡ್ಡ ಆಯತ ಮಾಡಿಕೊಳ್ಳಿ.

ಒಂದು ತುಂಡು ಮಾತ್ರ ಹೇಗಿಟ್ಟರೂ ಕೂರುವುದಿಲ್ಲ

ಮಗುಚಿ ನೋಡಿ. ದೋಸೆ ಮಗುಚುವ ಹಾಗೆ. ಚೌಕವನ್ನು ಕತ್ತರಿಸಿ ಬಗೆಬಗೆಯ ಆಕಾರ ಜೋಡಿಸುವ ಟ್ಯಾನ್‌ಗ್ರಾಮಿನ ಏಳು ತುಂಡುಗಳಲ್ಲಿ ಐದು ತ್ರಿಭುಜ, ಒಂದು ಚೌಕ. ಇವನ್ನು ಮಗುಚಿದರೂ ಅದೇ ಆಕಾರ. ಉಳಿದ ಸಮಾಂತರ ಚತುರ್ಭುಜ ಹಾಗಲ್ಲ. ಎಷ್ಟು ತಿರುಗಿಸಿದರೂ ಅದರ ಓರೆ ಇನ್ನೊಂದು ಕಡೆಗೆ ಬರುವುದಿಲ್ಲ, ಮಗುಚಲೇಬೇಕು. ಒಂದು ಬದಿ ಬಣ್ಣ ಇರುವ ಚಾರ್ಟ್ ಹಾಳೆಯಲ್ಲಿ ಮಾಡಿದರೆ ಮಕ್ಕಳು ಬಣ್ಣ ಮೇಲೇ ಇರಬೇಕು ಅಂದುಕೊಂಡು ಮಗುಚುವುದೇ ಇಲ್ಲ. ಎರಡೂ ಬದಿ ಒಂದೇ ಬಣ್ಣದ ರಟ್ಟು ಬಳಸಿ.

ಟ್ಯಾನ್‌ಗ್ರಾಮಿನಲ್ಲಿ ಇನ್ನೊಂದು ಮೋಸ ಇದೆ. 10 ಸೆಂ.ಮೀ. ಚೌಕದಿಂದ ಮಾಡಿದರೆ ಬದಿಗಳು 10, 7.07, 5, 3.54, ಈ ನಾಲ್ಕೇ ಉದ್ದ. 3.54ರ ಮೂರು ಸಾಲಾಗಿ ಇಟ್ಟರೆ 10.6. ದೊಡ್ಡ ತ್ರಿಭುಜದ 10ರ ಬದಿಗೆ ಅದು ಸಾಕು ಅನ್ನಿಸುತ್ತದೆ, ಆದರೆ 6 ಮಿ.ಮೀ. ಹೊರಗೆ ಚಾಚುತ್ತದೆ. ಹೊರಗೆ ಚಾಚಿದ್ದು ಅಷ್ಟೇ ಇದ್ದರೆ ಕತ್ತರಿಸಿದ್ದು ತಪ್ಪಲ್ಲ, ಜಾಗ ತಪ್ಪು. 10 ಮತ್ತು 5 ಒಂದು ಮನೆತನ. 7.07 ಮತ್ತು 3.54 ಇನ್ನೊಂದು. ಒಂದು ನೇರ ಅಂಚಿನ ಮೇಲೆ ಒಂದೇ ಮನೆತನದವು ಇರಲಿ.

ತಪ್ಪು ನಿಮ್ಮದಲ್ಲದಾಗ

ಎಲ್ಲ ನೋಡಿದ ಮೇಲೂ ಆಗದಿದ್ದರೆ, ಈ ಒಗಟಿಗೆ ಉತ್ತರವಾದರೂ ಇದೆಯಾ ಅನ್ನುವ ಪ್ರಶ್ನೆ ಬರುತ್ತದೆ. ನೇರ ಬದಿಗಳ ಆಕಾರಗಳಾದರೆ ಧೈರ್ಯವಾಗಿರಿ. ವಿಸ್ತೀರ್ಣ ಸಮ ಇರುವ ಯಾವ ಎರಡು ಬಹುಭುಜಗಳನ್ನೇ ತಗೊಳ್ಳಿ, ಒಂದನ್ನು ಕತ್ತರಿಸಿ ಇನ್ನೊಂದು ಮಾಡಲು ಬಂದೇ ಬರುತ್ತದೆ. 19ನೇ ಶತಮಾನದ ಮೊದಲ ಭಾಗದಲ್ಲಿ ವಾಲೇಸ್, ಬೊಯಾಯ್, ಗೆರ್ವಿನ್ ಬೇರೆ ಬೇರೆಯಾಗಿ ಇದನ್ನು ಸಾಧಿಸಿದರು. ದಾರಿಯೂ ಸುಲಭ. ತ್ರಿಭುಜ ಮಾಡಿ, ತ್ರಿಭುಜವನ್ನು ಆಯತ ಮಾಡಿ, ಆಯತವನ್ನು ಚೌಕ ಮಾಡಿ. ಎರಡು ಚೌಕಗಳನ್ನು ಬೌಧಾಯನರ ಹಾಗೆ ಒಂದು ಮಾಡಿ. ತುಂಡು ಜಾಸ್ತಿ ಆಗಬಹುದು, ಆದರೆ ಕೆಲಸ ಆಗುತ್ತದೆ.

ಎಷ್ಟು ಕಮ್ಮಿ ತುಂಡಿನಲ್ಲಿ ಅನ್ನುವುದು ಬೇರೆಯೇ ಪ್ರಶ್ನೆ, ತುಂಬಾ ಕಷ್ಟದ್ದು. ಡ್ಯೂಡನಿಯ ತ್ರಿಭುಜವನ್ನು ಮೂರು ತುಂಡಿನಲ್ಲಿ ಮಾಡಬಹುದೇ ಅಂತ ನೂರು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಖಚಿತವಾಗಿ ಹೇಳಲು ಆಗಿರಲಿಲ್ಲ. 2024ರಲ್ಲಿ ಎರಿಕ್ ಡಿಮೇನ್, ತೋನನ್ ಕಮಾತ, ರ್ಯುಹೇ ಉಯೆಹಾರ ಮೂವರು ಸೇರಿ, ಮಗುಚದೆ ಮಾಡುವುದಾದರೆ ಮೂರರಲ್ಲಿ ಸಾಧ್ಯವೇ ಇಲ್ಲ ಅಂತ ತೋರಿಸಿದರು. ಹಾಗಾಗಿ ನಿಮಗೆ ನಾಲ್ಕರ ಬದಲು ಐದು ತುಂಡು ಬಂದಿದ್ದರೆ ಅದನ್ನು ದೋಷ ಅಂತ ಬರೆದುಕೊಳ್ಳಬೇಡಿ. ಚೌಕ ಸರಿ ಬಂದಿದೆಯಾ, ಅಷ್ಟು ನೋಡಿ.

ವೃತ್ತವನ್ನು ಚೌಕ ಮಾಡಲು ಕೂತಿದ್ದರೆ ಕತ್ತರಿ ಕೆಳಗಿಡಿ. ಕತ್ತರಿಯಿಂದ ಕತ್ತರಿಸಬಹುದಾದ ತುಂಡುಗಳಲ್ಲಿ ಅದು ಆಗುವುದಿಲ್ಲ ಅಂತ 1963ರಲ್ಲೇ ತೀರ್ಮಾನವಾಗಿದೆ.

ಜೇಡಿಮಣ್ಣಿನಲ್ಲಿ ಘನಾಕೃತಿ ಮಾಡುವ ಮಕ್ಕಳು ಕೇಳುವ ಪ್ರಶ್ನೆಯೂ ಒಂದಿದೆ. ನಾಲ್ಕು ಸಮಬಾಹು ತ್ರಿಭುಜದ ಮುಖವಿರುವ ಗೋಪುರವನ್ನು ಕತ್ತರಿಸಿ, ಅಷ್ಟೇ ಗಾತ್ರದ ಘನ ಮಾಡಬಹುದಾ ಅಂತ. ಹಾಳೆಯ ಮೇಲೆ ಎಲ್ಲ ಆಗುತ್ತದಲ್ಲ, ಇಲ್ಲಿಯೂ ಆಗಬೇಕು ಅನ್ನಿಸುತ್ತದೆ. 1900ರಲ್ಲಿ ಡೇವಿಡ್ ಹಿಲ್ಬರ್ಟ್ ಗಣಿತದ ದೊಡ್ಡ ಪ್ರಶ್ನೆಗಳ ಪಟ್ಟಿ ಮಾಡಿದಾಗ ಮೂರನೆಯದು ಈ ಬಗೆಯದೇ ಆಗಿತ್ತು. ಅವರ ಶಿಷ್ಯ ಮ್ಯಾಕ್ಸ್ ಡೇನ್ ಸ್ವಲ್ಪ ದಿನದಲ್ಲೇ ಉತ್ತರ ಕೊಟ್ಟರು: ಆಗುವುದಿಲ್ಲ. ಗಾತ್ರ ಸಮ ಇದ್ದರೆ ಸಾಲದು, ಮುಖಗಳು ಸೇರುವ ಅಂಚಿನ ಕೋನಗಳೂ ಹೊಂದಬೇಕು. ಗೋಪುರದ ಆ ಕೋನ 70.5 ಡಿಗ್ರಿ ಚಿಲ್ಲರೆ, ಘನದ್ದು 90. ಎಷ್ಟು ತುಂಡು ಮಾಡಿದರೂ ಇವು ಒಂದಕ್ಕೊಂದು ಹೊಂದುವುದಿಲ್ಲ. ಈ ಪ್ರಶ್ನೆ ಕೇಳಿದ ಮಗುವಿಗೆ ನಾನು ಮಣ್ಣು ಮತ್ತೆ ಉಂಡೆ ಮಾಡಿ ಕೊಡುತ್ತೇನೆ, ಇಲ್ಲಿ ಹುಡುಕಲು ಯಾವ ತಪ್ಪೂ ಇಲ್ಲ ಅಂತ ಹೇಳುತ್ತೇನೆ.